ಸಿಪ್ಪೆ ಚಟ್ನಿ ಲೆಕ್ಕಕ್ಕುಂಟು

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ ಅಂಟಿಕೊಂಡಿದೆ. ಯಾವುದೋ ಹಳೆಯ ಕ್ಯಾಲೆಂಡರಿನ ಆಗಸ್ಟ್ ತಿಂಗಳ ಹಿಂಬದಿ ಅದು. ಅದಕ್ಕೆ ಲ್ಯಾಮಿನೇಷನ್ ಬೇರೆ ಆಗಿದೆ, ಆದರೆ ಒಂದು ಬದಿಯಲ್ಲಿ ಪ್ಲಾಸ್ಟಿಕ್ಕನ್ನು ಕತ್ತರಿಯಿಂದ ಸೀಳಿದ್ದರಿಂದ ಈಗ ಬಾಯಿ ಬಿಟ್ಟುಕೊಂಡಿದೆ. ಮನೆಗೆ ಬಂದವರು ನೀರು ಬೇಕೆಂದು ಅಡುಗೆಮನೆಗೆ ಬಂದರೆ ಮೊದಲು ಅದನ್ನು ಓದುತ್ತಾರೆ. ಸೌತೆ, ಬೆಂಡೆ, ಹಾಗಲ ಎಂದು ಸಾಗುವ ಪಟ್ಟಿ ನೋಡಿ, "ಇದೆಂತ ಜೆಸ್ಸಿ, ತರಕಾರಿ ಚೀಟಿಗೂ ಲ್ಯಾಮಿನೇಷನ್ ಮಾಡಿಸುವವರು ಇದ್ದಾರಾ?" ಎಂದು ಕೇಳುತ್ತಾರೆ. ನಾನು ಆ ಪ್ರಶ್ನೆಗಾಗಿಯೇ ಕಾಯುತ್ತಿರುತ್ತೇನೆ. ನೀವು ಕೇಳಲಿಲ್ಲವೆಂದು ನಾನು ಹೇಳದೆ ಬಿಡುವವಳಲ್ಲ.

ಅದು ನಮ್ಮ ಮನೆಯ ತೆನೆಹಬ್ಬದ ಊಟದ ಪಟ್ಟಿ. ಕರಾವಳಿಯ ಕೊಂಕಣಿ ಕ್ರೈಸ್ತರಾದ ನಮಗೆ ಸೆಪ್ಟೆಂಬರ್ ಎಂಟರ ಈ ಮೊಂತಿ ಫೆಸ್ತ್ ಎಂದರೆ ಮರಿಯ ಮಾತೆಯ ಹುಟ್ಟುಹಬ್ಬವೂ ಹೌದು, ಹೊಸ ಬೆಳೆಗಾಗಿ ದೇವರಿಗೆ ಕೃತಜ್ಞತೆ ಹೇಳುವ ದಿನವೂ ಹೌದು. ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಪುಡಿಮಾಡಿ ತೆಂಗಿನ ಹಾಲಿಗೆ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಒಂದೊಂದು ಚಮಚ ಕೊಡುತ್ತಾರೆ. ಅದಕ್ಕೆ ನೊವೆಂ ಅನ್ನುತ್ತೇವೆ, ಹೊಸತು ಎಂದು ಅರ್ಥ. ಅದು ಗಂಟಲಿಗಿಳಿದ ಮೇಲೆಯೇ ಊಟ. ವರ್ಷವಿಡೀ ಮೀನಿಲ್ಲದೆ ಅನ್ನ ಇಳಿಯದ ನಾವು ಆ ಒಂದು ದಿನ ಬರೀ ತರಕಾರಿ ಉಣ್ಣುತ್ತೇವೆ. ಅದಕ್ಕೂ ಒಂದು ನಿಯಮ ಉಂಟು. ಪದಾರ್ಥಗಳು ಬೆಸ ಸಂಖ್ಯೆಯಲ್ಲಿರಬೇಕು. ಮೂರು, ಐದು, ಏಳು, ಅನುಕೂಲವಿದ್ದವರಿಗೆ ಒಂಬತ್ತು. ಹಪ್ಪಳ, ಉಪ್ಪಿನಕಾಯಿ, ಪಾಯಸ ಲೆಕ್ಕಕ್ಕಿಲ್ಲ. ಯಾಕೆ ಬೆಸವೇ ಆಗಬೇಕು ಎಂದು ಚಿಕ್ಕವಳಿದ್ದಾಗ ಅಜ್ಜಿಯನ್ನು ಕೇಳಿದ್ದೆ. "ಸಮ ಮಾಡಿ ನೋಡು, ಆಗ ಗೊತ್ತಾಗ್ತದೆ" ಎಂದಿದ್ದರು. ಆ ಬೆದರಿಕೆಯ ಮೇಲೆಯೇ ನಮ್ಮ ಮನೆತನ ಇಷ್ಟು ದೂರ ಬಂದಿದೆ.

ಮಗಳು ರಿಯಾಳಿಗೆ ಹದಿನೈದು ವರ್ಷ. ಹುಟ್ಟಿದ್ದು ಬೆಳೆದದ್ದು ದುಬೈಯಲ್ಲಿ. ನಾನು ಕೊಂಕಣಿಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ. ಅವಳ ಶಾಲೆಯಲ್ಲಿ ಅಮೆರಿಕದ ಗೆಳತಿಯೊಬ್ಬಳಿದ್ದಾಳೆ. ಅವರ ಮನೆಯಲ್ಲಿ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಏನೇನು ಮಾಡಬೇಕೆಂದು ಒಂದು ತಿಂಗಳು ಮೊದಲೇ ಚರ್ಚೆ ಶುರುವಾಗುತ್ತದಂತೆ. ನಮ್ಮ ಹಬ್ಬವೆಂದರೇನು ಎಂದು ಆ ಹುಡುಗಿ ಕೇಳಿದಾಗ ರಿಯಾ ಫೋನಿನಲ್ಲಿ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಇಟ್ಸ್ ಲೈಕ್ ಥ್ಯಾಂಕ್ಸ್‌ಗಿವಿಂಗ್. ನೋ ಟರ್ಕಿ. ಬಟ್ ದೇರ್ ಈಸ್ ಮ್ಯಾಥ್ಸ್." ಇದಕ್ಕಿಂತ ಚೆನ್ನಾಗಿ ನನ್ನಿಂದಲೂ ಹೇಳಲು ಆಗುತ್ತಿರಲಿಲ್ಲ.

ಈ ಪಟ್ಟಿ ಬರೆದವರು ನನ್ನ ಅತ್ತೆ. ನಾವು ಅವರನ್ನು ಮಾಯಿ ಎಂದು ಕರೆಯುತ್ತೇವೆ; ಅಕ್ಕನಿಗೆ ನಮ್ಮಲ್ಲಿ ಬಾಯಿ ಅನ್ನುತ್ತೇವೆ. ನನ್ನ ಗಂಡ ವಿಲ್ಲಿಯ ಅಕ್ಕ ಫ್ಲೋರಿ ಬಾಯಿ ನರ್ಸ್ ಆಗಿ ಮೊದಲ ಬಾರಿ ದುಬೈ ಹತ್ತಿರದ ಅಲ್ ಐನ್ ನಗರಕ್ಕೆ ಹೊರಟಾಗ, ಊರಿನ ಹಬ್ಬ ಮರೆಯದಿರಲಿ ಎಂದು ಮಾಯಿ ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದೆ ಒಂಬತ್ತು ಪದಾರ್ಥಗಳ ಹೆಸರು ಬರೆದುಕೊಟ್ಟರು. ಫ್ಲೋರಿ ಬಾಯಿ ಅದಕ್ಕೆ ಲ್ಯಾಮಿನೇಷನ್ ಮಾಡಿಸಿದರು. ಅಲ್ಲಿಂದ ಅದು ಶಾಸನವಾಯಿತು. ತೆನೆಹಬ್ಬ ಪ್ರತಿವರ್ಷ ಅಲ್ ಐನಿನಲ್ಲೇ, ಆ ಪಟ್ಟಿಯ ಪ್ರಕಾರವೇ, ಫ್ಲೋರಿ ಬಾಯಿಯ ಕೈಯಡುಗೆಯಲ್ಲೇ. ನಾವು ದುಬೈಯ ಕರಾಮದಿಂದ ಕಾರಿನಲ್ಲಿ ಹೋಗುವುದು, ಉಣ್ಣುವುದು, ಉಳಿದದ್ದನ್ನು ಡಬ್ಬಿಯಲ್ಲಿ ತುಂಬಿಸಿಕೊಂಡು ಬರುವುದು. ನನಗೆ ಅಲ್ಲಿ ವಹಿಸಿದ ಕೆಲಸ ಪೇಪರ್ ನ್ಯಾಪ್ಕಿನ್ ಮಡಚುವುದು.

ಇದಕ್ಕೆ ಕಾರಣ ಒಂದು ಪಾಯಸ. ಮದುವೆಯಾಗಿ ಬಂದ ಮೊದಲ ಹಬ್ಬಕ್ಕೆ ಕಡಲೆಬೇಳೆ ಪಾಯಸದ ಜವಾಬ್ದಾರಿ ನನಗೆ ಸಿಕ್ಕಿತ್ತು. ಕುದಿಯುವ ಬೆಲ್ಲಕ್ಕೆ ತೆಂಗಿನ ಹಾಲು ಸುರಿದು, ವಿಲ್ಲಿ ಬಾಲ್ಕನಿಯಿಂದ ಏನೋ ಹೇಳಿದನೆಂದು ಅಲ್ಲಿಗೆ ಹೋಗಿ ನಿಂತೆ. ಹೊಸ ಮದುವೆ, ಅವನು ಏನು ಹೇಳಿದರೂ ಕೇಳಬೇಕೆನಿಸುವ ಕಾಲ. ತಿರುಗಿ ಬಂದಾಗ ಪಾಯಸ ಒಡೆದು, ಬೇಳೆ ಒಂದು ಕಡೆ, ನೀರು ಒಂದು ಕಡೆ. "ಪರವಾಗಿಲ್ಲ, ಮೊದಲ ಸಲ ಅಲ್ವಾ" ಎಂದರು ಫ್ಲೋರಿ ಬಾಯಿ. ಅದನ್ನೇ ಹದಿನೆಂಟು ವರ್ಷ ಪ್ರತಿ ಹಬ್ಬದಲ್ಲೂ ಹೇಳಿದರು.

ಕಳೆದ ವರ್ಷದ ಹಬ್ಬಕ್ಕೆ ಮೂರು ವಾರ ಮೊದಲು ಅವರಿಂದ ಫೋನ್ ಬಂತು. ಹಬ್ಬದ ಭಾನುವಾರ ಅವರಿಗೆ ಸಂಜೆ ಏಳರಿಂದ ಡ್ಯೂಟಿ ಹಾಕಿದ್ದರು. ಇಲ್ಲಿ ಹಬ್ಬ ಎಂಟನೇ ತಾರೀಕಿಗೆ ಬರುವುದಿಲ್ಲ, ಹತ್ತಿರದ ಭಾನುವಾರಕ್ಕೆ ಬರುತ್ತದೆ. ಬೆಳಗ್ಗೆ ಒಂಬತ್ತು ಪದಾರ್ಥ ಮಾಡಿ ರಾತ್ರಿಯಿಡೀ ರೋಗಿಗಳನ್ನು ನೋಡುವಷ್ಟು ಶಕ್ತಿ ಈಗ ತನಗಿಲ್ಲ ಎಂದರು. ನಾನು ಉಸಿರು ತೆಗೆದುಕೊಳ್ಳದೆ, "ಈ ವರ್ಷ ನಮ್ಮಲ್ಲಿ ಮಾಡುವ ಬಾಯಿ" ಎಂದೆ.

"ಒಂಬತ್ತೂ ನೀನು ಮಾಡ್ತೀಯಾ?"

"ಒಂಬತ್ತೂ ನಾನೇ."

"ಮಾಯಿ ಬರ್ತಾರೆ, ಗೊತ್ತುಂಟಲ್ಲ? ಈ ಸಲ ಚಂದ ಆದ್ರೆ ಮುಂದೆಯೂ ಕರಾಮದಲ್ಲೇ ಇರ್ಲಿ. ಇಲ್ಲದಿದ್ರೆ ಸುಮ್ನೆ ಆಸೆ ಮಾಡ್ಬೇಡ."

ಮಾಯಿ ಆರು ತಿಂಗಳು ಊರಲ್ಲಿ, ಆರು ತಿಂಗಳು ಮಗಳ ಮನೆಯಲ್ಲಿ ಇರುವವರು. ಎಂಬತ್ತರ ಹತ್ತಿರ ಬಂದರೂ ಉಪ್ಪು ಕಮ್ಮಿಯಾದದ್ದನ್ನು ಬಾಯಿಗಿಡದೆ ಪರಿಮಳದಲ್ಲೇ ಹೇಳಬಲ್ಲರು. ಅವರ ಮುಂದೆ ನನಗೆ ಇದು ಎರಡನೆಯ ಅವಕಾಶ, ಮತ್ತು ಮೂರನೆಯದು ಸಿಗುವುದಿಲ್ಲವೆಂದು ಚೆನ್ನಾಗಿ ಗೊತ್ತಿತ್ತು.

ನಾನು ಜುಮೇರಾ ಲೇಕ್ ಟವರ್ಸಿನ ಒಂದು ಆಫೀಸಿನಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ ಎಂಜಿನಿಯರುಗಳು ಮಾಡಿದ ನಕ್ಷೆಗೆ ನಂಬರು ಕೊಟ್ಟು, ಬದಲಾಯಿಸಿದಾಗಲೆಲ್ಲ ಹೊಸ ರಿವಿಷನ್ ಎಂದು ನಮೂದಿಸಿ, ಹಳೆಯದನ್ನು ಯಾರೂ ಬಳಸದಂತೆ ಕಾಯುವವಳು. ಅಭ್ಯಾಸ ಬಿಡುತ್ತದೆಯೇ? ಮೆನುವನ್ನೂ ಎಕ್ಸೆಲ್ಲಿನಲ್ಲಿ ಹಾಕಿದೆ. ರಿವಿಷನ್ ಎ ಅಲ್ ಐನಿಗೆ ಹೋಯಿತು. ಅಲ್ಲಿಂದ ವಾಟ್ಸಾಪಿನಲ್ಲಿ ಉತ್ತರ: ಹೀರೆಕಾಯಿಗೆ ಕಡಲೆ ಹಾಕಬಾರದು. ರಿವಿಷನ್ ಬಿ ಕಳಿಸಿದೆ. ಹರಿವೆ ದಂಟಿಗೆ ಕೊತ್ತಂಬರಿ ಬೇಡ. ರಿವಿಷನ್ ಸಿ. ಅಣಬೆಯ ಪೆಪ್ಪರ್ ಫ್ರೈ ತಾನು ಮಾಡುವ ರೀತಿಯಲ್ಲೇ ಆಗಬೇಕು, ಬಟನ್ ಮಶ್ರೂಮನ್ನು ನಾಲ್ಕಾಗಿ ಕತ್ತರಿಸಬೇಕು, ಎರಡಾಗಿ ಅಲ್ಲ. ರಿವಿಷನ್ ಎಫ್‌ಗೆ ಬರುವಷ್ಟರಲ್ಲಿ ಫ್ಲೋರಿ ಬಾಯಿ ಒಂದು ಹೆಬ್ಬೆರಳು ಕಳಿಸಿದರು. ನಮ್ಮ ಆಫೀಸಿನಲ್ಲಿ ಸೇತುವೆಯೊಂದಕ್ಕೆ ಇದಕ್ಕಿಂತ ಬೇಗ ಒಪ್ಪಿಗೆ ಸಿಕ್ಕಿದ್ದನ್ನು ನೋಡಿದ್ದೇನೆ.

ಶನಿವಾರ ಸಂಜೆ ಚರ್ಚಿನ ಪೂಜೆ ಮುಗಿಸಿ ತರಕಾರಿಗೆ ಹೊರಟೆ. ಕರಾಮದಲ್ಲಿ ಇರುವ ದೊಡ್ಡ ಸುಖ ಇದು. ಅಂಬಟೆಕಾಯಿಯಿಂದ ಹಿಡಿದು ಕೆಸುವಿನ ಎಲೆಯವರೆಗೆ ಎಲ್ಲವೂ ವಿಮಾನದಲ್ಲಿ ಬಂದು ನಮ್ಮ ಬೀದಿಯಲ್ಲಿ ಇಳಿಯುತ್ತದೆ. ಸೆಪ್ಟೆಂಬರಿನ ಸೆಖೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಅಂಗಡಿಯೊಳಗೆ ಹೋದರೆ ಎದುರಿಗೇ ಮಂಗಳೂರು ಸೌತೆಯ ರಾಶಿ. ಹಳದಿ ಮೈ, ಹಸಿರು ಪಟ್ಟೆ. ಒಂದನ್ನು ಎತ್ತಿ ಕೈಯಲ್ಲಿ ತೂಗಿ ನೋಡಿದೆ. ನನ್ನ ಕೈ ಅದನ್ನು ಕೂಡಲೇ ಗುರುತಿಸಿತು.

ಊರಿನ ನನ್ನ ತವರುಮನೆಯಲ್ಲಿ ಸೌತೆಕಾಯಿಗಳು ಅಡುಗೆಮನೆಯ ಮಾಡಿನ ಜಂತಿಯಿಂದ ನೇತಾಡುತ್ತಿದ್ದವು. ಬೇಸಿಗೆಯಲ್ಲಿ ಬೆಳೆದದ್ದನ್ನು ತೆಂಗಿನ ಗರಿಯಲ್ಲಿ ಕಟ್ಟಿ, ಸಾಲಾಗಿ ತೂಗುಹಾಕಿ, ಮಳೆಗಾಲಕ್ಕೆ ಉಳಿಸುವುದು. ನಾನು ಮಲಗಿಕೊಂಡು ಅವುಗಳನ್ನು ಎಣಿಸುತ್ತಿದ್ದೆ. ಹಬ್ಬದ ಮೊದಲಿನ ಒಂಬತ್ತು ದಿನ ನಾವು ಮಕ್ಕಳು ಬುಟ್ಟಿಯಲ್ಲಿ ಹೂ ಹೆಕ್ಕಿಕೊಂಡು ಹೋಗಿ ಮಾತೆಯ ಮೂರ್ತಿಗೆ ಎರಚುವುದು, ಕೊನೆಯ ದಿನ ಕಬ್ಬಿನ ತುಂಡಿಗಾಗಿ ಸಾಲು ನಿಲ್ಲುವುದು. ಹೂವಿಗಿಂತ ಕಬ್ಬಿನ ಮೇಲೆ ನನಗೆ ಭಕ್ತಿ ಹೆಚ್ಚು. ಹಬ್ಬದ ಮರುದಿನ ಶಾಲೆಯಲ್ಲಿ ಒಂದೇ ಪ್ರಶ್ನೆ: ನಿಮ್ಮಲ್ಲಿ ಎಷ್ಟು? ಏಳು ಎಂದವಳು ಐದು ಎಂದವಳನ್ನು ನೋಡುವ ರೀತಿಯೇ ಬೇರೆ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಹಿತ್ತಲಿನ ಬೆಂಡೆ, ಹರಿವೆ, ಅಲಸಂಡೆ ಎಲ್ಲ ಬುಡದಲ್ಲೇ ಕೊಳೆತವು. ಹಬ್ಬದ ಹೊತ್ತಿಗೆ ಮಾಡಿನಲ್ಲಿ ಉಳಿದದ್ದು ಒಂದೇ ಸೌತೆಕಾಯಿ. ಅಮ್ಮ ತೋಡಿನ ಬದಿಯಿಂದ ಕೆಸು ಕೊಯ್ದು ತಂದಳು, ಆಚೆ ಮನೆಯವರ ಮರದ ಅಂಬಟೆ ಹೆಕ್ಕಿದಳು. ಸೌತೆಯನ್ನು ಕೆಳಗಿಳಿಸಿ ಮಣೆಯ ಮುಂದೆ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ ಹೋಳುಗಳಿಗೆ ತೆಂಗಿನಕಾಯಿ ಅರೆದು ಗಸಿ ಮಾಡಿದಳು. ಒಳಗಿನ ತಿರುಳು, ಬೀಜ ಕಿವುಚಿ ಒಗ್ಗರಣೆಯ ಸಾರು ಮಾಡಿದಳು. ಸಿಪ್ಪೆಯನ್ನು ಹುರಿದು ಚಟ್ನಿ ಅರೆದಳು. ಕೆಸು, ಅಂಬಟೆ ಸೇರಿ ಐದಾಯಿತು. ಅಪ್ಪ ಎಲೆಯ ಮುಂದೆ ಕೂತು ಎಣಿಸಿ, "ನೀನು ದೇವರಿಗೂ ಲೆಕ್ಕ ಒಪ್ಪಿಸ್ತೀ ಮಾರಾಯ್ತಿ" ಎಂದರು. ಅಮ್ಮ ನಕ್ಕಳು. ಅಷ್ಟು ರುಚಿಯ ಊಟ ನಾನು ಆಮೇಲೆ ಉಂಡಿಲ್ಲ.

ಮರುದಿನ ಶಾಲೆಯಲ್ಲಿ ನಾನು ಎದೆಯುಬ್ಬಿಸಿ ಐದು ಎಂದೆ. ಐರಿನ್ ಎಂಬ ಹುಡುಗಿ ಇದ್ದಳು, ಅವರಲ್ಲಿ ಒಂಬತ್ತು. ಏನೇನು ಎಂದು ಕೇಳಿದಳು. ಹೇಳಿದೆ. ಅವಳು ಬೆರಳು ಮಡಚುತ್ತಾ ಕೇಳಿ, ಐದನೆಯ ಬೆರಳನ್ನು ಮತ್ತೆ ಬಿಚ್ಚಿದಳು. "ಚಟ್ನಿ ಲೆಕ್ಕಕ್ಕೆ ಬರುವುದಿಲ್ಲ. ಅದೂ ಸಿಪ್ಪೆಯದ್ದು. ನಿಮ್ಮಲ್ಲಿ ನಾಲ್ಕು." ಎಲ್ಲರೂ ನಕ್ಕರು. ನಾಲ್ಕು ಎಂದರೆ ಕಮ್ಮಿ ಮಾತ್ರವಲ್ಲ, ಸಮ ಸಂಖ್ಯೆ. ನಮ್ಮ ಮನೆಗೆ ಏನು ಬಂದೆರಗುತ್ತದೋ ಎಂದು ಹೆದರಿ ಅಳುತ್ತಾ ಮನೆಗೆ ಹೋದೆ. ಅಮ್ಮನಿಗೆ ಹೇಳಲಿಲ್ಲ. ಹೊಟ್ಟೆನೋವು ಎಂದೆ, ಅವಳು ಜೀರಿಗೆ ನೀರು ಕೊಟ್ಟಳು.

ಅವತ್ತಿನಿಂದ ನನ್ನ ಲೆಕ್ಕ ಬದಲಾಯಿತು. ದುಬೈಗೆ ಬಂದ ಹೊಸದರಲ್ಲಿ ಇದೇ ಕರಾಮದ ಒಂದು ಕೋಣೆಯಲ್ಲಿ ನಾವು ನಾಲ್ವರು ಹುಡುಗಿಯರು ಬೆಡ್‌ಸ್ಪೇಸ್, ಅಂದರೆ ತಲಾ ಒಂದು ಮಂಚದಷ್ಟು ಜಾಗ, ಬಾಡಿಗೆಗೆ ಹಿಡಿದಿದ್ದೆವು. ಹಬ್ಬಕ್ಕೆ ಬಟಾಟೆಯನ್ನೇ ಮೂರು ರೀತಿ ಮಾಡಿ, ಡಬ್ಬಿಯ ಬಟಾಣಿ ಸೇರಿಸಿ, ಹಪ್ಪಳವನ್ನೂ ಐದನೆಯದೆಂದು ಎಣಿಸಿದ್ದೆವು. ಊರಲ್ಲಿ ನಿಮ್ಮ ಮನೆಯಲ್ಲಿ ಎಷ್ಟು ಎಂದು ಗೆಳತಿಯರು ಕೇಳಿದಾಗ "ಏಳು" ಎಂದೆ. ಮದುವೆಯಾಗಿ ಬಂದಾಗ ಮಾಯಿ ಕೇಳಿದರು. ಅವರ ಮನೆಯಲ್ಲಿ ತಲೆತಲಾಂತರದಿಂದ ಒಂಬತ್ತು. ಅವರಿಗೂ "ಏಳು" ಎಂದೆ. ಒಂದು ಸುಳ್ಳಿನಿಂದ ಅಮ್ಮನ ಮರ್ಯಾದೆ ಕಾಪಾಡಿದೆ ಎಂದು ಆಗ ಅಂದುಕೊಂಡಿದ್ದೆ. ಅಮ್ಮ ತೀರಿಕೊಂಡ ಮೇಲೆ ಆ ಸುಳ್ಳು ನನಗೆ ಚುಚ್ಚತೊಡಗಿತು.

ಇರಲಿ, ಹಬ್ಬದ ಭಾನುವಾರಕ್ಕೆ ಬರೋಣ. ಬೆಳಗ್ಗೆ ಐದಕ್ಕೆ ಎದ್ದೆ. ಹಿಂದಿನ ಸಂಜೆಯ ಪೂಜೆಯಲ್ಲಿ ಕೊಟ್ಟ ತೆನೆಯನ್ನು ಪುಟ್ಟ ಶಿಲುಬೆಯ ಮುಂದೆ ಇಟ್ಟು, ಫೋನನ್ನು ಬೇರೆ ಕೋಣೆಗೆ ಹಾಕಿ, ಬಾಲ್ಕನಿಯ ಬಾಗಿಲಿಗೆ ಚಿಲಕ ಹಾಕಿದೆ. ಪಾಯಸದ ಮುಂದೆ ಹದಿನೆಂಟು ವರ್ಷದ ಛಲ ಹಿಡಿದು ನಿಂತೆ. ಅದು ಒಡೆಯಲಿಲ್ಲ. ಹನ್ನೊಂದು ಗಂಟೆಗೆ ಒಂಬತ್ತು ಪಾತ್ರೆಗಳು ಮೇಜಿನ ಮೇಲೆ ಮುಚ್ಚಳ ಹೊದ್ದು ಕೂತಿದ್ದವು. ನಾನು ಎರಡು ಸಲ ಎಣಿಸಿದೆ. ಸ್ನಾನ ಮಾಡಿ ಸೀರೆ ಉಟ್ಟು ಬಂದು ಮತ್ತೊಮ್ಮೆ ಎಣಿಸಿದೆ.

ಹನ್ನೆರಡೂವರೆಗೆ ಬೆಲ್ ಆಯಿತು. ಮಾಯಿಯ ಕೈ ಹಿಡಿದುಕೊಂಡು ಫ್ಲೋರಿ ಬಾಯಿ ಬಂದರು. ಮತ್ತೊಂದು ಕೈಯಲ್ಲಿ ಸ್ಟೀಲಿನ ಕ್ಯಾರಿಯರ್.

"ಎಂತ ಅದು?"

"ಎಂತ ಇಲ್ಲ, ಸುವರ್ಣಗಡ್ಡೆ. ಒಂದು ವೇಳೆ ನಿನ್ನದು ಯಾವುದಾದ್ರೂ ಕೈಕೊಟ್ರೆ ಅಂತ ಮಾಡಿ ತಂದೆ."

ಹತ್ತು. ನಾನು ಸಿಟ್ಟು ನುಂಗಿಕೊಂಡೆ. ವಿಲ್ಲಿಯ ಮುಖ ನೋಡಿದರೆ ಅವನದ್ದು ನನ್ನದಕ್ಕಿಂತ ಬಿಳುಪೇರಿತ್ತು. ಅಷ್ಟರಲ್ಲಿ ಮತ್ತೆ ಬೆಲ್. ಹೆಲ್ಮೆಟ್ ಹಾಕಿಕೊಂಡ ಡೆಲಿವರಿಯವನು ಒಂದು ಪೊಟ್ಟಣ ಕೊಟ್ಟು ಹೋದ. ಕೆಳಗಿನ ಹೋಟೆಲಿನ ಬೀಟ್ರೂಟ್ ಪಲ್ಯ.

"ಇದು ಯಾರು ಹೇಳಿದ್ದು?" ಎಂದೆ.

"ನಾನು," ಎಂದ ವಿಲ್ಲಿ, ಗೋಡೆಯ ಕಡೆ ನೋಡುತ್ತಾ. "ಸುಮ್ನೆ, ಎಮರ್ಜೆನ್ಸಿಗೆ. ಆದ್ರೂ ನೋಡು, ಈಗ ಹನ್ನೊಂದಾಯ್ತು. ಒಳ್ಳೇದೇ ಆಯ್ತಲ್ಲ?"

ಲೆಕ್ಕ ಸರಿಯೇ. ಗಂಡನಿಗೂ ನನ್ನ ಅಡುಗೆಯ ಮೇಲೆ ನಂಬಿಕೆಯಿಲ್ಲ ಎಂಬ ವಿಚಾರವನ್ನು ಸೋಮವಾರಕ್ಕೆ ಎತ್ತಿಟ್ಟೆ. ಮಾಯಿ ಕುರ್ಚಿಯಲ್ಲಿ ಕೂತು ತೆನೆಯ ಕಾಳು ಸುಲಿಯಲು ಶುರುಮಾಡಿದರು. ನೊವೆಂ ಆಗುವವರೆಗೆ ಅವರು ಬಾಯಿಗೆ ಏನೂ ಹಾಕುವವರಲ್ಲ. ಬೆಳಗ್ಗೆ ಕುಡಿದ ಕಪ್ಪು ಕಾಫಿಯಲ್ಲೇ ಇದ್ದರು. ಇನ್ನೇನು ಪ್ರಾರ್ಥನೆಗೆ ನಿಲ್ಲಬೇಕು, ಮೂರನೆಯ ಬೆಲ್.

ಎದುರು ಫ್ಲಾಟಿನ ಶಶಿಕಲಕ್ಕ. ಉಡುಪಿಯವರು, ತುಳು ಮಾತಾಡುವವರು, ಕಷ್ಟಸುಖಕ್ಕೆ ಮೊದಲು ಓಡಿಬರುವವರು. ಕೈಯಲ್ಲಿ ಬಟ್ಟಲು. "ತೊಂಡೆಕಾಯಿ, ಗೇರುಬೀಜ ಹಾಕಿದ್ದು. ನೀವೊಬ್ರೇ ಒಂಬತ್ತು ಮಾಡುವುದು ಅಂತ ಕೇಳಿದೆ, ಪಾಪ ಅಂತ ಕಂಡಿತು" ಎಂದರು. ನಾನು ಬಟ್ಟಲು ತೆಗೆದುಕೊಂಡೆ. ಊಟಕ್ಕೆ ಕೂತುಕೊಳ್ಳಿ ಎಂದು ಅವರನ್ನೂ ಕರೆದೆ. ಅವರು ಸಂತೋಷದಿಂದ ಕೂತುಬಿಟ್ಟರು. ರಿಯಾ ಮೇಜಿನ ಮೇಲೆ ಬೆರಳಾಡಿಸಿ, "ಟ್ವೆಲ್ವ್. ಈವನ್" ಎಂದಳು.

ಆಮೇಲೆ ಶುರುವಾಯಿತು. ಬೀಟ್ರೂಟನ್ನು ಫ್ರಿಜ್ಜಿನಲ್ಲಿ ಇಡುವ ಎಂದ ವಿಲ್ಲಿ. ಹಬ್ಬಕ್ಕೆಂದು ಬಂದದ್ದು ಹಬ್ಬದ ಮೇಜಿನಿಂದ ಏಳಬಾರದು ಎಂದರು ಮಾಯಿ. ಎರಡನ್ನು ಒಟ್ಟಿಗೆ ಕಲಸಿ ಒಂದು ಮಾಡುವ ಎಂದರು ಫ್ಲೋರಿ ಬಾಯಿ. ಮಾಯಿ ಮಗಳನ್ನು ನೋಡಿದ ನೋಟಕ್ಕೆ ಆ ಸಲಹೆ ಅಲ್ಲೇ ಖಲಾಸ್. ರಿಯಾ ಫೋನಿನಲ್ಲಿ ಇನ್ನೊಂದು ಪಲ್ಯ ತರಿಸಲು ನೋಡಿದಳು. ಭಾನುವಾರದ ಮಧ್ಯಾಹ್ನ, ಒಂದೂವರೆ ಗಂಟೆ ಬೇಕೆಂದು ತೋರಿಸಿತು. ಶಶಿಕಲಕ್ಕನಿಗೆ ತಮ್ಮ ಬಟ್ಟಲೇ ಈ ರಾದ್ಧಾಂತಕ್ಕೆ ಕಾರಣವೆಂದು ಗೊತ್ತಾಗಿ, "ನಾನು ತಕೊಂಡು ಹೋಗ್ಲಾ?" ಎಂದು ಎದ್ದರು. ಅವರನ್ನು ಹಿಡಿದು ಕೂರಿಸಬೇಕಾಯಿತು. ಗಂಟೆ ಎರಡಕ್ಕೆ ಹತ್ತು ನಿಮಿಷ. ಫ್ಲೋರಿ ಬಾಯಿ ಮೂರಕ್ಕೆ ಹೊರಡಬೇಕು.

ಅವರು ಗಡಿಯಾರ ನೋಡಿ, ನಿಟ್ಟುಸಿರಿಟ್ಟು, ಬಹಳ ಮೆತ್ತಗೆ ಹೇಳಿದರು. "ಪರವಾಗಿಲ್ಲ ಜೆಸ್ಸಿ, ಮೊದಲ ಸಲ ಅಲ್ವಾ. ಮುಂದಿನ ವರ್ಷ ಅಲ್ ಐನಲ್ಲೇ ಮಾಡುವ. ನಿನಗ್ಯಾಕೆ ತೊಂದ್ರೆ?"

ನಾನು ಅಡುಗೆಮನೆಗೆ ಹೋದೆ. ಅಳಲಿಕ್ಕೇ ಹೋದದ್ದು, ಸುಳ್ಳು ಯಾಕೆ ಹೇಳಲಿ. ಒಂಬತ್ತೂ ಸರಿಯಾಗಿ ಮಾಡಿದ್ದೆ. ನನ್ನ ಮೇಲಿನ ಅಪನಂಬಿಕೆಗಳೆಲ್ಲ ಒಂದೊಂದಾಗಿ ಬೆಲ್ ಒತ್ತಿ ಒಳಗೆ ಬಂದು ನನ್ನ ಲೆಕ್ಕ ಕೆಡಿಸಿದ್ದವು. ಸಿಂಕಿನ ಪಕ್ಕ ಜರಡಿ ಪಾತ್ರೆಯಲ್ಲಿ ಬೆಳಗ್ಗೆ ತೊಳೆದು ಹೆರೆದ ಸೌತೆಯ ಸಿಪ್ಪೆ ಹಾಗೆಯೇ ಇತ್ತು. ಬಿಸಾಡಲು ಮರೆತಿದ್ದೆ. ಮರೆತಿದ್ದೆನೋ, ಬಿಸಾಡಲು ಕೈ ಬರಲಿಲ್ಲವೋ, ಈಗ ಹೇಳಲಾರೆ.

ನೋಡುತ್ತಾ ನಿಂತೆ. ಇದರ ಚಟ್ನಿ ಮಾಡಿದರೆ ಫ್ಲೋರಿ ಬಾಯಿ ಏನು ಕೇಳುತ್ತಾರೆಂದು ಅಕ್ಷರಶಃ ಗೊತ್ತಿತ್ತು. ಆ ಮಾತು ಕೇಳಿ ನನಗೆ ನಲವತ್ತು ವರ್ಷದ ಅಭ್ಯಾಸ. ಆದರೂ ಬಾಣಲೆ ಇಟ್ಟೆ. ತೆಂಗಿನೆಣ್ಣೆ, ನಾಲ್ಕು ಕೆಂಪು ಮೆಣಸು, ಒಂದು ಚಮಚ ಉದ್ದಿನಬೇಳೆ, ಅದರ ಮೇಲೆ ಸಣ್ಣಗೆ ಹೆಚ್ಚಿದ ಸಿಪ್ಪೆ. ಹಸಿ ವಾಸನೆ ಹೋಗಿ ಸಿಪ್ಪೆ ಅಂಚಿನಲ್ಲಿ ಮುದುಡಿದಾಗ ತೆಂಗಿನತುರಿ, ಹುಣಸೆ, ಉಪ್ಪು. ಮಿಕ್ಸಿ ಮೂರು ಸಲ ಕೂಗಿತು. ಸಾಸಿವೆ, ಕರಿಬೇವು. ಹತ್ತು ನಿಮಿಷವೂ ಆಗಲಿಲ್ಲ. ಇರುವುದರಲ್ಲಿ ಒಳ್ಳೆಯ ಬಟ್ಟಲು ತೆಗೆದು ಅದರಲ್ಲಿ ಹಾಕಿ, ತಂದು ಮೇಜಿನ ನಡುವೆ ಇಟ್ಟೆ.

"ಹದಿಮೂರು" ಎಂದೆ.

"ಹದಿಮೂರಾ?" ಎಂದು ವಿಲ್ಲಿ ಶಿಲುಬೆಯ ಗುರುತು ಮಾಡಿಕೊಂಡ.

"ಹದಿಮೂರು ಬೆಸ ಅಲ್ವಾ?" ಎಂದರು ಮಾಯಿ.

ಫ್ಲೋರಿ ಬಾಯಿ ಬಟ್ಟಲಿಗೆ ಬಗ್ಗಿ ನೋಡಿದರು. "ಇದು ಚಟ್ನಿ ಅಲ್ವಾ? ಅದೂ ಸಿಪ್ಪೆಯದ್ದು. ಚಟ್ನಿ ಲೆಕ್ಕಕ್ಕೆ ಬರ್ತದಾ ಮಾಯಿ?"

ನನಗೆ ಮತ್ತೆ ನಾಲ್ಕನೇ ಕ್ಲಾಸು. ಆದರೆ ಈ ಸಲ ಓಡಿಹೋಗಲಿಲ್ಲ. ಬಾಯಿ ತೆರೆದದ್ದೇ ಮಾತು ತಾನಾಗಿ ಬಂತು. "ಮಾಯಿ, ನಾನು ನಿಮ್ಮ ಹತ್ರ ಒಂದು ಸುಳ್ಳು ಹೇಳಿದ್ದೆ. ನಮ್ಮ ಮನೆಯಲ್ಲಿ ಏಳು ಮಾಡ್ತಿರ್ಲಿಲ್ಲ. ಒಂದು ವರ್ಷ ಐದು ಮಾಡಿದ್ದೇ ದೊಡ್ಡದು. ಅದ್ರಲ್ಲಿ ಮೂರು ಒಂದೇ ಸೌತೆಕಾಯಿದು. ಹೋಳಿನ ಗಸಿ, ತಿರುಳಿನ ಸಾರು, ಈ ಸಿಪ್ಪೆ ಚಟ್ನಿ. ಅಮ್ಮ ಇದನ್ನೂ ಎಣಿಸಿದ್ಲು."

ಮಾಯಿ ಸುಲಿಯುತ್ತಿದ್ದ ತೆನೆಯನ್ನು ತಟ್ಟೆಯಲ್ಲಿಟ್ಟು, ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಮೂಗಿನ ಹತ್ತಿರ ಹಿಡಿದರು. ಬಹಳ ಹೊತ್ತು ಹಿಡಿದರು. ಆಮೇಲೆ ಅದನ್ನು ತಮ್ಮ ಎಲೆಯ ಎದುರಿಗೇ ಇಟ್ಟು, ಅದರ ಅಂಚಿಗೆ ಬೆರಳು ತಾಗಿಸಿದರು.

"ಒಂದು" ಎಂದರು. ಆಮೇಲೆ ಸುವರ್ಣಗಡ್ಡೆಗೆ ಎರಡು, ಬೆಂಡೆಗೆ ಮೂರು, ಹೀಗೆ ಮೇಜಿನ ಸುತ್ತ ಹೋಗಿ ಹದಿಮೂರಕ್ಕೆ ನಿಲ್ಲಿಸಿ ಮಗಳ ಕಡೆ ತಿರುಗಿದರು. "ಒಂದು ಸೌತೆಯಲ್ಲಿ ಮೂರು ಮಾಡಿ ಮಕ್ಕಳಿಗೆ ಹಬ್ಬ ಮಾಡಿದವಳು ಅವಳು. ಅವಳಿಗೆ ಎಣಿಸ್ಲಿಕ್ಕೆ ನಾವು ಕಲಿಸುವುದಾ?"

ನೊವೆಂ ಆಯಿತು. ಹಿರಿಯರಿಂದ ಕಿರಿಯರವರೆಗೆ ಒಂದೊಂದು ಚಮಚ. ಶಶಿಕಲಕ್ಕನೂ ಕೈ ಒಡ್ಡಿದರು. ಊರಲ್ಲಿರುವವರ, ತೀರಿಕೊಂಡವರ ಹೆಸರು ಹೇಳಿ ಅವರ ಪಾಲು ಎತ್ತಿಡುವುದು ನಮ್ಮ ಕ್ರಮ. ಮಾಯಿ ತಮ್ಮ ಗಂಡನ ಹೆಸರು ಹೇಳಿದ ಮೇಲೆ ನನ್ನನ್ನು ನೋಡಿ, "ನಿನ್ನ ಅಮ್ಮನ ಹೆಸರೆಂತ?" ಎಂದು ಕೇಳಿದರು. ಅವರಿಗೆ ಗೊತ್ತಿತ್ತು, ಆದರೂ ನನ್ನ ಬಾಯಿಂದ ಹೇಳಿಸಿದರು. ಹೇಳಿದೆ. ಅಮ್ಮನ ಹೆಸರಿನ ಚಮಚ ಒಂಬತ್ತು ಪದಾರ್ಥದ ಮನೆಯ ತಟ್ಟೆಯಲ್ಲಿ ಕೂತಿತು. ನನಗೆ ಅಳು ಬಂತು, ನಗುವೂ ಬಂತು. ಯಾವುದು ಮೊದಲು ಬಂತೆಂದು ರಿಯಾಳನ್ನೇ ಕೇಳಬೇಕು. ಅವಳು ನನ್ನ ಬೆನ್ನು ತಟ್ಟಿ, ಅಪರೂಪಕ್ಕೆ ಕೊಂಕಣಿಯಲ್ಲಿ "ಮಮ್ಮಿ, ಊಟ ಮಾಡು" ಎಂದಳು.

ಊಟದ ವಿವರ ಹೇಳಿ ಹೊಟ್ಟೆ ಉರಿಸುವುದಿಲ್ಲ. ಪಾಯಸ ಎರಡನೆಯ ಸಲ ಹಾಕಿಸಿಕೊಂಡವರು ಮೂವರು ಎಂದಷ್ಟೇ ಹೇಳುತ್ತೇನೆ. ಮೊದಲು ಖಾಲಿಯಾದದ್ದು ಚಟ್ನಿಯ ಬಟ್ಟಲು. ಬೀಟ್ರೂಟನ್ನು ವಿಲ್ಲಿಯೊಬ್ಬನೇ ಉಂಡು ಮುಗಿಸಿದ, ತಪ್ಪು ಒಪ್ಪಿಕೊಂಡ ಲೆಕ್ಕದಲ್ಲಿ. ಫ್ಲೋರಿ ಬಾಯಿ ಬೆರಳು ನೆಕ್ಕುತ್ತಾ ಆಚೀಚೆ ನೋಡಿ, ಯಾರಿಗೂ ಕೇಳಿಸದಂತೆ, "ಹುಣಸೆ ಎಷ್ಟು ಹಾಕಿದ್ದಿ?" ಎಂದರು. ನಾನು ಎಲ್ಲರಿಗೂ ಕೇಳಿಸುವಂತೆ ಉತ್ತರ ಕೊಟ್ಟೆ.

ಹೊರಡುವ ಮೊದಲು ಮಾಯಿ ಮಗಳ ಚೀಲದಿಂದ ಆ ಲ್ಯಾಮಿನೇಷನ್ ಹಾಳೆ ತೆಗೆಸಿದರು. ನನ್ನ ಅಡುಗೆಯನ್ನು ಪಟ್ಟಿಯೊಂದಿಗೆ ತಾಳೆ ನೋಡಲು ಫ್ಲೋರಿ ಬಾಯಿ ಅದನ್ನು ತಂದೇ ತಂದಿದ್ದರು. ಕತ್ತರಿ ಕೇಳಿ, ಅಂಚನ್ನು ತಾವೇ ಸೀಳಿ, ಹಾಳೆಯನ್ನು ಹೊರಗೆಳೆದು ನನ್ನ ಕೈಗೆ ಪೆನ್ನು ಕೊಟ್ಟರು.

"ಬರಿ. ಸೌತೆ ಸಿಪ್ಪೆ ಚಟ್ನಿ."

"ಹತ್ತಾಗ್ತದಲ್ಲ ಮಾಯಿ" ಎಂದರು ಫ್ಲೋರಿ ಬಾಯಿ, ಗಾಬರಿಯಿಂದ.

"ಹಾಗಾದ್ರೆ ಆ ಅಣಬೆ ಹೊಡೆದುಹಾಕು. ನಾನು ಬರೆದದ್ದು ನಮ್ಮ ಗುಡ್ಡೆಯಲ್ಲಿ ಏಳುವ ಅಣಬೆ. ನಿನ್ನ ಈ ಬಟನನ್ನು ಇಷ್ಟು ವರ್ಷ ಮರ್ಯಾದೆಗೆ ತಿಂದೆ."

ಅಣಬೆಯ ಮೇಲೆ ಗೆರೆ ಎಳೆದೆ. ಕೆಳಗೆ ನೀಲಿ ಶಾಯಿಯಲ್ಲಿ ದುಂಡಗೆ ಬರೆದೆ. ಫ್ಲೋರಿ ಬಾಯಿ ಚಪ್ಪಲಿ ಮೆಟ್ಟುತ್ತಾ, "ಹಾಳೆ ಇನ್ನು ನಿನ್ನಲ್ಲೇ ಇರ್ಲಿ. ಹಬ್ಬ ಎಲ್ಲಿಯೋ ಅದೂ ಅಲ್ಲೇ ಇರಬೇಕಲ್ಲ" ಎಂದರು. ಕ್ಯಾರಿಯರನ್ನು ಚಟ್ನಿಗೆಂದು ಖಾಲಿ ಬಿಟ್ಟು ಹೋದರು. ಮುಂದಿನ ವಾರ ಮಾಡಿ ತುಂಬಿಸಿ ಕಳಿಸಿದೆ.

ಆ ಹಾಳೆಯೇ ಈ ಹಾಳೆ. ರಿವಿಷನ್ ಜಿ, ಇದಕ್ಕಿಂತ ಹೊಸದು ಇಲ್ಲ. ಸೀಳಿದ ಪ್ಲಾಸ್ಟಿಕ್ಕಿಗೆ ಟೇಪು ಹಚ್ಚುತ್ತೇನೆಂದು ವಿಲ್ಲಿ ಹೇಳುತ್ತಲೇ ಇದ್ದಾನೆ, ನಾನೇ ಬೇಡ ಎಂದಿದ್ದೇನೆ. ಐರಿನ್, ನೀನು ಈಗ ಯಾವ ದೇಶದಲ್ಲಿದ್ದರೂ, ಎಷ್ಟು ಪದಾರ್ಥದ ಹಬ್ಬ ಮಾಡುತ್ತಿದ್ದರೂ, ಮಡಚಿ ಬಿಚ್ಚಿದ ಆ ಬೆರಳನ್ನು ದಯವಿಟ್ಟು ಮತ್ತೆ ಮಡಚು. ಅವತ್ತು ನಮ್ಮ ಮನೆಯಲ್ಲಿ ಐದೇ ಇತ್ತು.